ಬರದ ಊರಿನ ಮನೆಯಲ್ಲಿ ನೀರಿನ ಲೆಕ್ಕ

ಪರಿಸರಸ್ನೇಹಿ ಮನೆಯೆಂದರೆ ಬಟ್ಟೆಚೀಲ, ಬಿದಿರಿನ ಬ್ರಷ್, ಬಾಲ್ಕನಿಯಲ್ಲಿ ನಾಲ್ಕು ಕುಂಡ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಅವೆಲ್ಲ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಕೊಳವೆಬಾವಿಯನ್ನು ಸಾವಿರ ಅಡಿ ಕೊರೆಸಿದರೂ ನೀರು ಸಿಕ್ಕೀತೆಂಬ ಭರವಸೆಯಿಲ್ಲದ ಕೋಲಾರದಂಥ ಜಿಲ್ಲೆಯಲ್ಲಿ, ಒಂದು ಮನೆ ಪರಿಸರಕ್ಕೆ ಹೊರೆಯೋ ಅಲ್ಲವೋ ಎಂಬುದು ಮೊದಲು ತೀರ್ಮಾನವಾಗುವುದು ನೀರಿನಿಂದ. ಮನೆಯೊಳಗೆ ಬಂದ ನೀರು ಎಲ್ಲಿಯದು, ಎಷ್ಟು ಸಲ ಬಳಕೆಯಾಯಿತು, ಕೊನೆಗೆ ಎಲ್ಲಿಗೆ ಹೋಯಿತು ಎಂಬುದನ್ನು ನೋಡಿಕೊಂಡರೆ ಮಿಕ್ಕ ಅಭ್ಯಾಸಗಳಲ್ಲಿ ಬಹುಪಾಲು ತಾವಾಗಿಯೇ ಸರಿದಾರಿಗೆ ಬರುತ್ತವೆ.

ನಮ್ಮ ತಾರಸಿಗೆ ಮಳೆಕೊಯ್ಲಿನ ಪೈಪು ಹಾಕಿಸಲು ಹೊರಟಾಗ ಗಾರೆ ಮೇಸ್ತ್ರಿ, “ಅಮ್ಮಾ, ಈ ಊರಲ್ಲಿ ಮಳೆ ಎಲ್ಲಿ ಬರುತ್ತೆ? ಸುಮ್ಮನೆ ದುಡ್ಡು ದಂಡ” ಎಂದಿದ್ದರು. ಊರಿನ ಹೆಚ್ಚಿನವರ ಅಭಿಪ್ರಾಯವೂ ಅದೇ. ಲೆಕ್ಕ ಹಾಗೆ ಹೇಳುವುದಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮೂವತ್ತು–ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಗೆ ಸಾವಿರ ಚದರಡಿಯ ತಾರಸಿ, ಅಂದರೆ ಸುಮಾರು 93 ಚದರ ಮೀಟರ್ ಇರುತ್ತದೆ. ವರ್ಷದ ಮಳೆಯನ್ನು 700 ಮಿ.ಮೀ. ಎಂದು ಹಿಡಿದರೂ ತಾರಸಿಯ ಮೇಲೆ ಬೀಳುವುದು 65,000 ಲೀಟರ್. ಆವಿಯಾದದ್ದು, ಸಿಡಿದು ಹೋದದ್ದು, ಮೊದಲ ಮಳೆಯಲ್ಲಿ ಬೇಕೆಂದೇ ಹೊರಗೆ ಬಿಟ್ಟದ್ದು ಎಲ್ಲವನ್ನೂ ಕಳೆದರೆ 50,000 ಲೀಟರಿನಷ್ಟು ಉಳಿಯುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಇದು ಹತ್ತು ಟ್ಯಾಂಕರ್.

ತೊಡಕಿರುವುದು ಮಳೆಯ ಪ್ರಮಾಣದಲ್ಲಲ್ಲ, ಅದು ಬರುವ ರೀತಿಯಲ್ಲಿ. ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ. ಒಂದೇ ರಾತ್ರಿ ನಲವತ್ತು ಮಿ.ಮೀ. ಸುರಿದರೆ ತಾರಸಿಯಿಂದ ಮೂರು ಸಾವಿರ ಲೀಟರ್ ಇಳಿಯುತ್ತದೆ, ಮತ್ತೆರಡು ಮಳೆಗೆ ಸಂಪು ತುಂಬುತ್ತದೆ. ಆದ್ದರಿಂದ ಸಂಪಿನಿಂದ ಉಕ್ಕುವ ನೀರಿಗೆ ಒಂದು ಇಂಗುಗುಂಡಿ ಇರಲೇಬೇಕು. ಸೋಸುವುದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ: ಇನ್ನೂರು ಲೀಟರಿನ ನೀಲಿ ಡ್ರಮ್ಮಿನ ತಳದಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ನಡುವೆ ಇದ್ದಿಲು, ಅದರ ಮೇಲೆ ತೊಳೆದ ಮರಳು, ಎಲ್ಲಕ್ಕಿಂತ ಮೇಲೆ ನೈಲಾನ್ ಬಲೆ ಇದ್ದರೆ ಸಾಕು. ಡ್ರಮ್ಮಿಗಿಂತ ಮುಖ್ಯವಾದದ್ದು ಅದಕ್ಕೂ ಮೊದಲು ನೇರವಾಗಿ ಕೆಳಗಿಳಿಯುವ ಪೈಪು. ತಿಂಗಳುಗಟ್ಟಲೆ ತಾರಸಿಯಲ್ಲಿ ಕೂತ ದೂಳು, ಪಾರಿವಾಳದ ಹಿಕ್ಕೆ, ಪಕ್ಕದ ಮರದ ಹೊಂಗೆ ಹೂವು ಎಲ್ಲವೂ ಮೊದಲ ಹದಿನೈದು ನಿಮಿಷದ ಮಳೆಯಲ್ಲಿ ಕಂದು ನೀರಾಗಿ ಆ ಪೈಪಿನಲ್ಲಿ ತುಂಬಿಕೊಳ್ಳುತ್ತವೆ. ಕೆಳಗಿನ ಮುಚ್ಚಳವನ್ನು ತಿರುಗಿಸಿ ಅದನ್ನು ಹೊರಬಿಟ್ಟರೆ ಆಮೇಲೆ ಬರುವ ನೀರು ತಿಳಿಯಾಗಿರುತ್ತದೆ. ಏಪ್ರಿಲ್‌ನಲ್ಲಿ ಮಾವಿನ ಕಾಯಿಗೆ ಬೀಳುವ ಮಳೆಗೆ ಮುಂಚೆ ಒಮ್ಮೆ ತಾರಸಿ ಗುಡಿಸಿ, ಮರಳನ್ನು ಹೊರತೆಗೆದು ತೊಳೆದು ಬಿಸಿಲಿಗೆ ಹಾಕುವುದಷ್ಟೇ ವರ್ಷದ ಖರ್ಚಿಲ್ಲದ ದುರಸ್ತಿ.

ಈ ನೀರನ್ನು ಅಡುಗೆಗೂ ಕುಡಿಯುವುದಕ್ಕೂ ಮೀಸಲಿಡಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಹೊಸ ಸುದ್ದಿಯಲ್ಲ. ನೀರು ಆಳದ ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತಷ್ಟೂ ಬಂಡೆಯೊಳಗಿನ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂ ತನಕ ಇರಬಹುದೆಂದು ಭಾರತೀಯ ಮಾನಕ ಬ್ಯೂರೊ ಹೇಳುತ್ತದೆ. ಅದನ್ನು ಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುವುದನ್ನು ಈ ಭಾಗದ ಶಾಲೆಗಳಲ್ಲಿ ಪಾಠ ಮಾಡಿದವರೆಲ್ಲ ಕಂಡಿದ್ದಾರೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಕಡಿಮೆಯಾದಂತೆ ಅದರ ಸಾಂದ್ರತೆ ಇನ್ನಷ್ಟು ಏರುತ್ತದೆ. ಮಳೆನೀರಿನಲ್ಲಿ ಆ ಕಾಟವಿಲ್ಲ. ಸೋಸಿ, ಕುದಿಸಿ ಕುಡಿಯಬಹುದು. ಇನ್ನೊಂದು ಲಾಭವನ್ನು ಒಲೆಯ ಮುಂದೆ ನಿಲ್ಲುವವರು ಮಾತ್ರ ಬಲ್ಲರು: ಬೋರಿನ ಗಡಸು ನೀರಿನಲ್ಲಿ ಐದಾರು ಕೂಗು ಕೂಗಿಸಿದರೂ ನುಚ್ಚುನುಚ್ಚಾಗಿಯೇ ಉಳಿಯುವ ತೊಗರಿಬೇಳೆ ಮಳೆನೀರಿನಲ್ಲಿ ಬೆಣ್ಣೆಯಂತೆ ಬೇಯುತ್ತದೆ, ಸಿಲಿಂಡರ್ ಹೆಚ್ಚು ದಿನ ಬರುತ್ತದೆ.

ಮಳೆನೀರು ಮುಗಿದ ಮೇಲೆ ಆರ್‌ಒ ಯಂತ್ರವೋ ಊರಿನ ಶುದ್ಧ ನೀರಿನ ಘಟಕವೋ ಅನಿವಾರ್ಯ. ಮನೆಯ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡುವಾಗ ಎರಡು ಮೂರು ಲೀಟರನ್ನು ಹೊರಗೆ ದೂಡುತ್ತದೆ. ಅದರ ಪೈಪನ್ನು ಸಿಂಕಿನೊಳಗೆ ಬಿಡದೆ ಒಂದು ಬಕೆಟ್ಟಿಗೆ ಇಳಿಬಿಟ್ಟರೆ ನೆಲ ಒರೆಸಲು, ಶೌಚಾಲಯಕ್ಕೆ, ಎಣ್ಣೆ ಪಾತ್ರೆಯ ಮೊದಲ ಸುತ್ತಿಗೆ ನೀರಾಯಿತು. ಗಿಡಕ್ಕೆ ಮಾತ್ರ ಬೇಡ. ಬಂಡೆಯ ಉಪ್ಪೆಲ್ಲ ಅದರಲ್ಲೇ ಸೇರಿಕೊಂಡಿರುವುದರಿಂದ ಮಣ್ಣು ಕ್ರಮೇಣ ಚೌಳಾಗುತ್ತದೆ.

ನೀರಿನ ಖರ್ಚಿನ ಒಳಗೆ ಕರೆಂಟಿನ ಖರ್ಚೂ ಅಡಗಿದೆ. ಸಾವಿರ ಲೀಟರ್ ನೀರನ್ನು ಸಾವಿರ ಅಡಿಯಿಂದ ಮೇಲೆತ್ತಲು ಬರೀ ಭಾರದ ಲೆಕ್ಕದಲ್ಲೇ ಮುಕ್ಕಾಲು ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬೇಕು. ಮೋಟಾರಿನ, ಪಂಪಿನ ನಷ್ಟ ಸೇರಿದರೆ ಅದು ಸುಲಭವಾಗಿ ಎರಡು ಯೂನಿಟ್ ಆಗುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳ ಬಿಲ್ಲು ಸೊನ್ನೆಯಾಗಿದೆ, ಅದು ಬಡವರ ಮನೆಗೆ ನಿಜವಾದ ಆಸರೆ. ಆದರೆ ಸೊನ್ನೆ ಬಿಲ್ಲಿನ ಮನೆಯಲ್ಲಿ ಟ್ಯಾಂಕ್ ಉಕ್ಕಿ ಹರಿಯುತ್ತಿದ್ದರೂ ಮೋಟಾರ್ ಆರಿಸಲು ಯಾರೂ ಓಡುವುದಿಲ್ಲ. ಟ್ಯಾಂಕ್ ತುಂಬಿದೊಡನೆ ಮೋಟಾರನ್ನು ತಾನೇ ಆರಿಸುವ ಒಂದು ಫ್ಲೋಟ್ ಸ್ವಿಚ್, ಎಪ್ಪತ್ತೈದು ವಾಟಿನ ಹಳೆಯ ಫ್ಯಾನು ಕೆಟ್ಟಾಗ ಕಡಿಮೆ ಕರೆಂಟು ಎಳೆಯುವ ಮೋಟಾರಿನ, ಮೂವತ್ತು ವಾಟಿನ ಬಿಎಲ್‌ಡಿಸಿ ಫ್ಯಾನು, ಸ್ನಾನಕ್ಕೆ ತಾರಸಿಯ ಮೇಲೊಂದು ಸೋಲಾರ್ ಹೀಟರ್ ಇದ್ದರೆ ವಿದ್ಯುತ್ತಿನ ವಿಷಯದಲ್ಲಿ ನಮ್ಮಂಥ ಮನೆಗೆ ಅಷ್ಟು ಸಾಕು.

ಇನ್ನು ಬಳಸಿದ ನೀರು. 2018ರ ಜೂನ್ ತಿಂಗಳಿನಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ನಮ್ಮ ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಒಂದರ ಹಿಂದೊಂದು ಕೆರೆಗೆ ಹರಿಯುತ್ತಿದೆ. ಮೊದಲ ದಿನಗಳಲ್ಲಿ ನೊರೆ ಕಾಣಿಸಿಕೊಂಡಿತು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು, ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಒತ್ತಾಯ ಇಂದಿಗೂ ನಿಂತಿಲ್ಲ. ಆ ಒತ್ತಾಯ ನ್ಯಾಯವಾದದ್ದೇ. ಆದರೆ ಐವತ್ತು ಅರವತ್ತು ಕಿಲೋಮೀಟರ್ ಆಚೆಯ ಬಚ್ಚಲ ನೀರಿನ ಬಗ್ಗೆ ಇಷ್ಟು ಮಾತಾಡುವ ನಾವು ನಮ್ಮದೇ ಬಚ್ಚಲ ನೀರನ್ನು ಮನೆ ಮುಂದಿನ ಚರಂಡಿಗೆ ಬಿಟ್ಟು ಕೈತೊಳೆದುಕೊಳ್ಳುತ್ತೇವೆ. ಈ ಸೀಮೆಯ ಹಿರಿಯರು ಕೆರೆಗಳನ್ನು ಸಾಲಾಗಿ ಕಟ್ಟಿ, ಮೇಲಿನದು ಕೋಡಿ ಬಿದ್ದರೆ ಕೆಳಗಿನದು ತುಂಬುವಂತೆ ಮಾಡಿದ್ದರು. ಮನೆಯೊಳಗಿನ ನೀರಿಗೂ ಅಂಥದೇ ಇಳಿಜಾರನ್ನು ಹಾಕಿಕೊಡಬಹುದು. ನಮ್ಮ ಬಚ್ಚಲ ನೀರು ಜಲ್ಲಿ ತುಂಬಿದ ಒಂದು ಸಣ್ಣ ಕಾಲುವೆಯಲ್ಲಿ ಹಾದು, ಅದರ ಮೇಲೆ ನೆಟ್ಟ ಕಾಬಾಳೆ ಗಿಡಗಳ ಬೇರು ಸವರಿಕೊಂಡು ಹಿತ್ತಲಿನ ಬಾಳೆಯ ಬುಡಕ್ಕೆ ಹೋಗುತ್ತದೆ. ಎರಡು ಕಟ್ಟುಪಾಡುಗಳಿವೆ. ಈ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡಬಾರದು, ನಾರುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ, ಮೂಲಂಗಿಗೆ ಹಾಯಿಸಬಾರದು.

ಬಾಳೆಯ ಬುಡಕ್ಕೆ ನೀರು ಬಿಟ್ಟ ದಿನದಿಂದ ಸೋಪಿನ ಆಯ್ಕೆಯೂ ಬದಲಾಗಲೇಬೇಕಾಗುತ್ತದೆ, ಏಕೆಂದರೆ ಬಟ್ಟೆಸೋಡಾ ಹೆಚ್ಚಿರುವ ಪುಡಿಗಳಲ್ಲಿನ ಸೋಡಿಯಂ ಮಣ್ಣನ್ನು ಗಟ್ಟಿಯಾಗಿಸಿ ನೀರು ಇಂಗದಂತೆ ಮಾಡುತ್ತದೆ. ಅಂಟುವಾಳದ ಕಾಯಿ ಇಲ್ಲಿನ ಗ್ರಂಧಿಗೆ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ. ಬೀಜ ತೆಗೆದ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಕುದಿಸಿ, ಕಿವುಚಿ ಸೋಸಿದರೆ ಕಂದು ಬಣ್ಣದ, ಹುಳಿವಾಸನೆಯ ದ್ರವ ಸಿಗುತ್ತದೆ. ಹತ್ತಿ ಬಟ್ಟೆಗೆ, ನೆಲಕ್ಕೆ, ಪಾತ್ರೆಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಶಾಲೆಯ ಬಿಳಿ ಅಂಗಿಯ ಕಾಲರಿಗೆ, ಎಣ್ಣೆಯ ಕಲೆಗೆ ಸಾಲದು. ಇಂಥವು ಎಲ್ಲಕ್ಕೂ ರಾಮಬಾಣವೆಂದು ಸಾರುವವರು ಬಹುಶಃ ಮನೆಯಲ್ಲಿ ಬಟ್ಟೆ ಒಗೆಯುವವರಲ್ಲ. ಬೇಗ ಹುಳಿಯುವುದರಿಂದ ಎರಡು ಮೂರು ದಿನಕ್ಕಾಗುವಷ್ಟು ಮಾತ್ರ ಮಾಡಿಟ್ಟುಕೊಳ್ಳಬೇಕು.

ಅಕ್ಕಿ, ಬೇಳೆ ತೊಳೆದ ನೀರನ್ನು ನಮ್ಮ ಅತ್ತೆಯವರು ಇಂದಿಗೂ ಚರಂಡಿಗೆ ಬಿಡಗೊಡುವುದಿಲ್ಲ. ಅದು ಕಲಗಚ್ಚು, ತರಕಾರಿ ಸಿಪ್ಪೆಯ ಜೊತೆ ಪಕ್ಕದ ಬೀದಿಯ ಹಸುವಿಗೆ ಸಲ್ಲಬೇಕು. ಹಸುವಿಗೆ ಕೊಡಲಾಗದ ಈರುಳ್ಳಿ ಸಿಪ್ಪೆ, ಮೊಟ್ಟೆಯ ಓಡು, ಕಾಫಿ ಚರಟ ಗೊಬ್ಬರದ ಕುಂಡಕ್ಕೆ. ಒದ್ದೆ ಕಸವೊಂದು ಪಾಲಿದ್ದರೆ ತೆಂಗಿನ ನಾರಿನ ಪುಡಿ ಅಥವಾ ಒಣಗಿದ ಹೊಂಗೆ ಎಲೆ ಎರಡು ಪಾಲು ಬೇಕೆಂದು ಎಲ್ಲರೂ ಹೇಳುತ್ತಾರೆ. ನಮ್ಮ ಮಾರ್ಚ್ ತಿಂಗಳ ಒಣಗಾಳಿಯಲ್ಲಿ ಆ ಅಳತೆ ನಡೆಯುವುದಿಲ್ಲ. ಕಸ ಕೊಳೆಯದೆ ಗರಿಗರಿಯಾಗಿ ಒಣಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಒಣ ಎಲೆಯನ್ನು ಅರ್ಧಕ್ಕಿಳಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಹಿಡಿ ಹುಳಿಮಜ್ಜಿಗೆ ಚಿಮುಕಿಸಿದರೆ ಕುಂಡದೊಳಗೆ ಬಿಸಿ ಏರುವುದು ಕೈಗೆ ತಾಗುತ್ತದೆ.

ನೀರಿನ ಲೆಕ್ಕ ಊಟದ ತಟ್ಟೆಗೂ ಬರುತ್ತದೆ. ಒಂದು ಕಿಲೋ ಅಕ್ಕಿಗೆ ಗದ್ದೆಯಲ್ಲಿ ಸಾವಿರಾರು ಲೀಟರ್ ನೀರು ನಿಲ್ಲಿಸಬೇಕು. ನಮ್ಮ ಹೊಲದ ರಾಗಿ ಮಳೆಯನ್ನೇ ನಂಬಿ ಬೆಳೆಯುತ್ತದೆ. ರಾತ್ರಿಗೆ ಮುದ್ದೆ, ಬಸ್ಸಾರು ಉಣ್ಣುವ ಮನೆ ತನಗೆ ಗೊತ್ತಿಲ್ಲದೆಯೇ ಎಲ್ಲೋ ಒಂದು ಬೋರಿನ ನೀರನ್ನು ಉಳಿಸಿರುತ್ತದೆ.

ನನಗೆ ನಿಜಕ್ಕೂ ಬೇಸರ ತರಿಸುವುದು ಮನೆ ಮುಂದಿನ ಅಂಗಳ. ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಕೂಡಲೇ ಕಾಂಪೌಂಡಿನೊಳಗಿನ ಇಂಚಿಂಚಿಗೂ ಸಿಮೆಂಟ್ ಸುರಿದು ಟೈಲ್ಸ್ ಹಾಕಿಸುವುದು ಅಂತಸ್ತಿನ ಗುರುತಾಗಿದೆ. ಮಳೆ ಇಂಗಲು ಒಂದು ಚದರಡಿ ಮಣ್ಣನ್ನೂ ಬಿಡದೆ, ಅದೇ ಅಂಗಳದಲ್ಲಿ ಬತ್ತಿದ ಬೋರಿನ ಕೇಸಿಂಗ್ ಪೈಪನ್ನು ನೋಡುತ್ತ ನಿಟ್ಟುಸಿರು ಬಿಡುತ್ತೇವೆ. ಅಂತರ್ಜಲ ಹೀರುತ್ತದೆಂದು 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಸಿಮೆಂಟಿನ ಅಂಗಳಕ್ಕೆ ಅಂಥ ತಡೆಯೇನೂ ಇಲ್ಲ. ಕಾರು ನಿಲ್ಲುವ ಎರಡು ಪಟ್ಟಿಗೆ ಕಲ್ಲು ಹಾಸಿ ಉಳಿದದ್ದನ್ನು ಮಣ್ಣಾಗಿ ಬಿಟ್ಟು, ಒಂದು ಹೊಂಗೆಯನ್ನೋ ಬೇವನ್ನೋ ನೆಟ್ಟರೆ ನೆರಳಿಗೆ ನೆರಳೂ ಆಯಿತು.

ಬಾಡಿಗೆ ಮನೆಯಲ್ಲಿರುವವರು ಗೋಡೆ ಕೊರೆಸುವಂತಿಲ್ಲ, ಗುಂಡಿ ತೋಡುವಂತಿಲ್ಲ. ಅವರು ತಾರಸಿಯ ನೀರಿಳಿಯುವ ಪೈಪಿನ ಕೆಳಗೆ ಒಂದು ಡ್ರಮ್ ಇಟ್ಟು, ಬಾಯಿಗೆ ಹಳೆಯ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿಕೊಂಡರೆ ಸಾಕು. ಕಸವೂ ನಿಲ್ಲುತ್ತದೆ, ಡೆಂಗಿ ಸೊಳ್ಳೆಯೂ ಮೊಟ್ಟೆಯಿಡಲಾರದು. ತಳದಿಂದ ನಾಲ್ಕು ಬೆರಳು ಮೇಲೆ ನಲ್ಲಿ ಕೂರಿಸಿದರೆ ಅಡಿಯ ಗಸಿ ಕದಡುವುದಿಲ್ಲ. ಮನೆ ಬದಲಾಯಿಸುವಾಗ ಡ್ರಮ್ಮನ್ನೂ ಜೊತೆಗೆ ಒಯ್ಯಬಹುದು.