ಮಿಸಾಕಿಯ ಬಾಗಿಲಿಗೆ ಅಂಟಿಸಿದ ಕಾಗದ

ಟೋಕಿಯೊದಲ್ಲಿ ಕಳೆದ ಆರು ದಿನಗಳ ಬಗ್ಗೆ ಬರೆಯುವುದಿಲ್ಲ. ಏಳನೇ ದಿನ ಮಿಸಾಕಿಗೆ ಹೋದೆನಲ್ಲ, ಅದನ್ನು ಹೇಳಬೇಕು. ಶಿನಾಗಾವಾದಿಂದ ಕೇಕ್ಯೂ ರೈಲು ಹಿಡಿದರೆ ಕೊನೆಯ ನಿಲ್ದಾಣ ಮಿಸಾಕಿಗುಚಿ. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಜೊತೆಗೆ ಭಾವಮೈದ ಇದ್ದ. ಅವನಿಗೆ ಜಪಾನಿ ಬರುತ್ತದೆ.

ಊರು ಟ್ಯೂನಾ ಮೀನಿಗೆ ಹೆಸರುವಾಸಿ. ಬಂದರಿನ ಹೋಟೆಲಿನಲ್ಲಿ ತಿಂದ ಹಸಿ ಟ್ಯೂನಾ ಬೆಣ್ಣೆಯ ಹಾಗಿತ್ತು. ಟ್ಯೂನಾ ತುಂಬಿದ ಬಿಸಿ ಬನ್ ಮಾತ್ರ ನನಗೆ ಹಿಡಿಸಲಿಲ್ಲ, ಸಿಹಿ ಜಾಸ್ತಿ.

ನಾನು ನೋಡಲು ಹೋಗಿದ್ದು ಟೋಕಿಯೊ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ಕೇಂದ್ರ. 1886ರಲ್ಲಿ ಮಿತ್ಸುಕುರಿ ಕಾಕಿಚಿ ಎಂಬ ಪ್ರಾಣಿಶಾಸ್ತ್ರಜ್ಞ ಕಟ್ಟಿದ್ದು. 1897ರಲ್ಲಿ ಈಗಿರುವ ಕೊಅಜಿರೊಗೆ ಬಂತು. ಸಗಾಮಿ ಕೊಲ್ಲಿ ದಡದ ಹತ್ತಿರವೇ ಸಾವಿರ ಮೀಟರ್ ಆಳಕ್ಕೆ ಇಳಿಯುತ್ತದೆ. ಹಾಗಾಗಿ ಆಳಸಮುದ್ರದ ಜೀವಿಗಳು ಸಣ್ಣ ದೋಣಿಗೂ ಸಿಗುತ್ತಿದ್ದವು. ಮುತ್ತು ಬೆಳೆಸಲು ಹೊರಟ ಮಿಕಿಮೊಟೊ 1890ರಲ್ಲಿ ಸಲಹೆ ಕೇಳಿದ್ದು ಇದೇ ಮಿತ್ಸುಕುರಿಯವರನ್ನು. ಮೂರು ವರ್ಷಕ್ಕೆ ಮೊದಲ ಅರ್ಧಗೋಳದ ಮುತ್ತು ಕೈಗೆ ಬಂತು.

ಗೇಟಿನಲ್ಲಿ ನಮ್ಮನ್ನು ಒಳಗೆ ಬಿಡಲಿಲ್ಲ. ಮೊದಲೇ ಅನುಮತಿ ಬೇಕಂತೆ. ತಂಗಿದ್ದ ಕಡೆ "ಸುಮ್ನೆ ಹೋಗಿ, ಬಿಡ್ತಾರೆ" ಅಂದಿದ್ದರು. ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಹೋಗುವುದಾದರೆ ಮೊದಲೇ ಬರೆದು ಕೇಳಿ. ದಡದ ಬಂಡೆಗಳ ಮೇಲೆ ನಡೆಯುವುದಾದರೆ ಭರತದ ಹೊತ್ತು ನೋಡಿಕೊಳ್ಳಿ. ನನ್ನ ಬೂಟು ಎರಡು ದಿನ ಒಣಗಲಿಲ್ಲ.

ಕೊಲ್ಲಿಯ ಅಂಚಿನಲ್ಲಿ ಒಬ್ಬ ಅಜ್ಜ ಗಾಳ ಹಾಕಿ ಕೂತಿದ್ದರು. ನಾವು ಏಕೆ ಬಂದೆವು ಅಂತ ಕೇಳಿದರು. ಕಾಗದದ ಕಥೆಗಾಗಿ ಅಂದೆ. ಅವರು ಗಾಳ ಪಕ್ಕಕ್ಕಿಟ್ಟರು.

ಕಥೆ ಇದು. ಯುದ್ಧದ ಕಾಲದಲ್ಲಿ ನೌಕಾಪಡೆ ಕೇಂದ್ರವನ್ನು ಪುಟ್ಟ ಜಲಾಂತರ್ಗಾಮಿಗಳ ನೆಲೆ ಮಾಡಿಕೊಂಡಿತ್ತು. 1945ರಲ್ಲಿ ಜಪಾನ್ ಸೋತಿತು. ಅಮೆರಿಕದ ಸೈನಿಕರು ಬರುವ ಮುಂಚೆ ದಾನ್ ಕಾತ್ಸುಮಾ ಎಂಬ ವಿಜ್ಞಾನಿ ಕುಂಚದಿಂದ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ಬಾಗಿಲಿಗೆ ಅಂಟಿಸಿದರು. ಇದು ಅರವತ್ತು ವರ್ಷದ ಸಂಶೋಧನಾ ಕೇಂದ್ರ, ನಿಮ್ಮ ಅಮೆರಿಕದ ಸಾಗರ ಸಂಶೋಧನಾ ಕೇಂದ್ರ ವುಡ್ಸ್ ಹೋಲ್ ಇದ್ದ ಹಾಗೆ. ಆಯುಧಗಳನ್ನು ನಾಶಮಾಡಿ, ವಿದ್ಯಾರ್ಥಿಗಳ ಉಪಕರಣ ಉಳಿಸಿ. ಕೆಲಸ ಮುಗಿದ ಮೇಲೆ ನಮ್ಮನ್ನು ಮನೆಗೆ ಬರಗೊಡಿ. ಹೆಸರು ಹಾಕಲಿಲ್ಲ. "ಕೊನೆಗೆ ಹೊರಟವನು" ಅಂತ ಬರೆದರು, ಅಷ್ಟೇ.

"ಅವರು ಅಮೆರಿಕದಲ್ಲಿ ಓದಿದವರು. ಹೆಂಡತಿಯೂ ಅಲ್ಲಿಯವರೇ," ಅಂದರು ಅಜ್ಜ. "ಆ ಕಡೆಯ ಊರಿನ ಹೆಸರು ಹೇಳಿದರೆ ಸೈನಿಕನಿಗೂ ಮನೆ ನೆನಪಾಗುತ್ತದೆ ಅಂತ ಗೊತ್ತಿತ್ತು."

ವರ್ಷ ಮುಗಿಯುವುದರೊಳಗೆ ಕೇಂದ್ರ ಮರಳಿ ಸಿಕ್ಕಿತು. 1952ರಲ್ಲಿ ದಾನ್ ಅವರ ಹೆಂಡತಿ ಜೀನ್, ಇಲ್ಲಿ ಮಾಡಿದ ಕೆಲಸದಿಂದಲೇ, ವೀರ್ಯಾಣು ಮೊಟ್ಟೆಯನ್ನು ಸೇರುವಾಗ ಅದರ ತುದಿಯಲ್ಲಿ ಆಗುವ ಬದಲಾವಣೆಯನ್ನು ಜಗತ್ತಿಗೆ ತೋರಿಸಿದರು. ಆ ಬಾಗಿಲು ಅಂದು ಒಡೆದಿದ್ದರೆ? ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

"ಕಾಗದ ಈಗ ಎಲ್ಲಿದೆ, ಗೊತ್ತಾ?" ಅಜ್ಜ ಕೇಳಿದರು. ಗೊತ್ತಿತ್ತು. ವುಡ್ಸ್ ಹೋಲ್‌ನಲ್ಲಿ. ಇಲ್ಲಿ ಇರಬೇಕಿತ್ತಲ್ವಾ ಅಂದೆ.

"ಅವರಿಗೆ ಬರೆದ ಕಾಗದ ತಾನೇ," ಅಂದರು. "ಅವರಿಗೆ ತಲುಪಿದೆ."

ಮತ್ತೆ ಗಾಳ ಕೈಗೆ ತೆಗೆದುಕೊಂಡರು. ನಾವು ಬಸ್ಸಿನ ಕಡೆ ನಡೆದೆವು.