ಬಿಳಿಸೆರಗಿನ ಚಿತ್ರಪುಸ್ತಕ: ಏಳನೇ ಭಾನುವಾರ

ಬಿಳಿಸೆರಗು, ಅಂದರೆ ಯೋನಿಯಿಂದ ಬಿಳಿ ಹೋಗುವುದರ ಬಗ್ಗೆ ಒಂದು ಚಿತ್ರಪುಸ್ತಕ ಮಾಡುತ್ತಿದ್ದೇನೆ. ಈ ವಾರ ಅದರ ನಾಲ್ಕನೇ ಹಾಳೆ ಹರಿದು ಹೊಸದಾಗಿ ಬಿಡಿಸಿದೆ.

ಗೋವಾದ ಜುವಾರಿನಗರದಲ್ಲಿ ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಬಂದ ಹೆಂಗಸರು ತುಂಬಾ ಜನ ಇದ್ದಾರೆ. ಕೊಂಕಣಿ ಬರುವುದಿಲ್ಲ, ಡಾಕ್ಟರ್ ಮುಂದೆ ನಾಚಿಕೆ ಬೇರೆ. ಬಿಳಿ ಹೋಗುತ್ತದೆ ಅನ್ನಲಾಗದೆ ಸೊಂಟ ನೋವು ಅಂತಾರೆ, ನೋವಿನ ಗುಳಿಗೆ ತಗೊಂಡು ವಾಪಸ್ ಬರ್ತಾರೆ. ಮನೆಯಲ್ಲಿ ಕೇಳಿದರೆ ‘ಉಷ್ಣ’ ಅಷ್ಟೇ. ಅವರಿಗಾಗಿ ಈ ಪುಸ್ತಕ.

ಹಳೆಯ ಹಾಳೆಯಲ್ಲಿ ಬಿಳಿ ಬಟ್ಟೆ ಬಿಡಿಸಿ ಮೂರು ಥರ ಕಲೆ ಹಾಕಿದ್ದೆ: ಮೊಸರಿನ ಹಾಗೆ ಗಟ್ಟಿ ಬಿಳುಪು, ತೆಳು ಬೂದು, ನೊರೆನೊರೆ ಹಳದಿ-ಹಸಿರು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಹಿರಿಯಮ್ಮ, ‘ಯವ್ವಾ, ನಮ್ಮ ಅರಿವಿ ಬೆಳ್ಳಗ ಎಲ್ಲಿರ್ತಾವ?’ ಅಂದರು. ಒಳಗೆ ಹೋಗಿ, ಹಗ್ಗದ ಮೇಲೆ ಸೀರೆಯ ಅಡಿಯಲ್ಲಿ ಮುಚ್ಚಿ ಒಣಗಲು ಹಾಕಿದ್ದ ತುಂಡು ತಂದು ತೋರಿಸಿದರು. ಹಳೆಯ ಇಳಕಲ್ ಸೀರೆಯದು, ಕಡುಗೆಂಪು, ಇನ್ನೂ ಹಸಿಹಸಿ. ಅದರ ಮೇಲೆ ಯಾವ ಬಣ್ಣ ಕಾಣಬೇಕು, ಹೇಳಿ?

ಹಾಗಾಗಿ ಬಣ್ಣ ಬಿಟ್ಟೆ. ಈಗ ತುರಿಕೆ, ವಾಸನೆ, ಉರಿಮೂತ್ರ, ಕೆಳಹೊಟ್ಟೆ ನೋವು. ವಾಸನೆಗೆ ಮೀನಿನ ಬುಟ್ಟಿ ಬಿಡಿಸಿದೆ, ವಾಸ್ಕೋ ಮಾರ್ಕೆಟ್ ದಾಟಿದವರಿಗೆಲ್ಲ ಅದು ಗೊತ್ತು, ಮೀನು ತಿನ್ನದವರಿಗೂ. ಒಳಗಿರುವ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆ ಆದಾಗ ಇಂಥ ವಾಸನೆ ಬರುತ್ತದೆ, ಸೋಪು ಹಾಕಿ ಒಳಗೆಲ್ಲ ತೊಳೆದರೆ ಜಾಸ್ತಿಯೇ ಆಗುತ್ತದೆ. ಲೈಂಗಿಕ ಸಂಪರ್ಕದಿಂದ ಹರಡುವ ಟ್ರೈಕೊಮೊನಾಸ್ ಸೋಂಕಿನಲ್ಲೂ ಇದೇ ವಾಸನೆ ಇರಬಹುದು. ಅದಕ್ಕೇ ರೋಗ ಯಾವುದು ಅಂತ ಪುಸ್ತಕ ಹೇಳುವುದಿಲ್ಲ. ಡಾಕ್ಟರ್ ಮುಂದೆ ಬೆರಳಿಟ್ಟು ತೋರಿಸಿದರೆ ಸಾಕು. ಲೈಂಗಿಕ ಸೋಂಕುಗಳನ್ನು ನೋಡುವ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಬಿಳಿಸೆರಗಿಗೆ ಹಸಿರು ಬಣ್ಣದ ಔಷಧಿ ಕಿಟ್ ಇದೆ, ಅದರಲ್ಲಿ ಸೆಕ್ನಿಡಜೋಲ್, ಫ್ಲುಕೊನಜೋಲ್ ಅನ್ನುವ ಗುಳಿಗೆಗಳು ಇರುತ್ತವೆ. ಬಸುರಿಯರು ಮೊದಲೇ ಹೇಳಲೇಬೇಕು ಅಂತ ಕೆಳಗೆ ದೊಡ್ಡ ಹೊಟ್ಟೆಯ ಚಿತ್ರವನ್ನೂ ಹಾಕಿದೆ.

ಮೊದಲ ಹಾಳೆ ಮಾತ್ರ ಬದಲಾಗಿಲ್ಲ. ಡಾ. ರಾಣಿ ಬಂಗ್ ಮತ್ತು ಜೊತೆಗಾರರು ಮಹಾರಾಷ್ಟ್ರದ ಗಡಚಿರೋಲಿಯ 2 ಹಳ್ಳಿಗಳಲ್ಲಿ 650 ಹೆಂಗಸರನ್ನು ಪರೀಕ್ಷಿಸಿದ್ದರು. ಅದರ ವರದಿ 1989ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಶೇ. 92ರಷ್ಟು ಮಂದಿಗೆ ಸ್ತ್ರೀರೋಗವೋ ಲೈಂಗಿಕ ಸೋಂಕೋ ಇತ್ತು, ಹಿಂದೆ ಒಮ್ಮೆಯಾದರೂ ಪರೀಕ್ಷೆ ಆಗಿದ್ದವರು ಶೇ. 8 ಮಾತ್ರ. ಶೇಕಡಾ ಅಂದರೆ ಇಲ್ಲಿ ಯಾರಿಗೂ ಹತ್ತುವುದಿಲ್ಲ. ಅದಕ್ಕೆ 12 ಹೆಂಗಸರನ್ನು ಸಾಲಾಗಿ ಬಿಡಿಸಿ 11 ಜನರ ಸೆರಗಿಗೆ ಕೆಂಪು ಹಚ್ಚಿದೆ, ಡಾಕ್ಟರ್ ಕಡೆ ಮುಖ ಮಾಡಿದವಳು ಒಬ್ಬಳೇ. ಅದನ್ನು ನೋಡಿ ‘ಹಂಗಾರ ನಮಗಷ್ಟ ಅಲ್ಲ’ ಅಂದಳು ಒಬ್ಬ ಹುಡುಗಿ. ಆಮೇಲೆಯೇ ಮಾತು ಶುರುವಾಗಿದ್ದು.

ಆರನೇ ಹಾಳೆ ಇನ್ನೂ ಪೆನ್ಸಿಲ್‌ನಲ್ಲೇ ಇದೆ. ಟ್ರೈಕೊಮೊನಾಸ್ ಇದ್ದರೆ ಗಂಡನೂ ಗುಳಿಗೆ ತಗೋಬೇಕು, ಇಲ್ಲವಾದರೆ ಇವಳಿಗೆ ವಾಸಿಯಾದರೂ ಅವನಿಂದ ಮತ್ತೆ ಬರುತ್ತದೆ. ಗಂಡಸರಿಗೆ ಬಹಳ ಸಲ ಏನೂ ಗೊತ್ತೇ ಆಗುವುದಿಲ್ಲ. ‘ಅಕ್ಕಾರ, ಅವರಿಗೆ ಯಾರ ಹೇಳ್ತಾರ್ರೀ?’ ಅಂತ ಹೆಂಗಸರು ಕೇಳಿದರು. ನಾಲ್ಕು ದಿನ ಅದೇ ತಲೆಯಲ್ಲಿತ್ತು. ಒಬ್ಬ ಮೇಸ್ತ್ರಿಯವರನ್ನು ಕೇಳಿದೆ, ಬರುವ ಭಾನುವಾರ ಪಗಾರ ಹಂಚುವಾಗ ಹತ್ತು ನಿಮಿಷ ಕೊಡ್ತೀನಿ ಅಂದಿದ್ದಾರೆ. ಅಷ್ಟರಲ್ಲಿ ಆ ಹಾಳೆಗೆ ಬಣ್ಣ ಮುಗಿಸಬೇಕು.