ಕಡ್ಡಿ ನಾಲ್ಕಿದ್ರೂ ನೆಟ್ ಯಾಕ ಓಡವಲ್ದು?

"ರೇಂಜ್ ಫುಲ್ ಅದ, ನೆಟ್ ಮಾತ್ರ ಓಡವಲ್ದು." ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮೊಬೈಲ್ ಅಂಗಡಿಗಳಲ್ಲಿ ಈ ಮಾತು ಸದಾ ಕೇಳಿಬರುತ್ತದೆ. "5ಜಿ ಫೋನ್ ತಗೊಳ್ರಿ, ಸರಿ ಆಗ್ತದ" ಎಂಬ ಉತ್ತರವೂ ಅಷ್ಟೇ ಸಾಮಾನ್ಯ. ಬಹಳ ಸಲ ಆ ಉತ್ತರ ತಪ್ಪು. ದುಡ್ಡು ಖರ್ಚಾಗುತ್ತದೆ, ಮನೆಯೊಳಗೆ ವಿಡಿಯೋ ಮೊದಲಿನಂತೆಯೇ ಸುತ್ತುತ್ತಿರುತ್ತದೆ.

ವೇಗ ಮೂರು ಕಡೆ ತೀರ್ಮಾನವಾಗುತ್ತದೆ. ಗಾಳಿಯಲ್ಲಿ ಎಷ್ಟು ಅಗಲದ ತರಂಗಾಂತರ ಇದೆ, ಸುತ್ತಲಿನ ಗದ್ದಲಕ್ಕಿಂತ (ಬೇರೆ ಟವರು, ಬೇರೆ ಫೋನುಗಳ ಬೇಡದ ಸಿಗ್ನಲ್) ನಿಮ್ಮ ಸಿಗ್ನಲ್ ಎಷ್ಟು ಮೇಲಿದೆ, ಟವರಿನಿಂದ ಹಿಂದಕ್ಕೆ, ಕಂಪನಿಯ ಮುಖ್ಯ ಜಾಲಕ್ಕೆ ಹೋಗುವ ಲೈನ್ ಎಷ್ಟು ದೊಡ್ಡದು. ಮೊದಲೆರಡನ್ನು 1948ರಲ್ಲೇ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಒಂದೇ ಸೂತ್ರದಲ್ಲಿ ಕಟ್ಟಿಕೊಟ್ಟರು. 2ಜಿಯಿಂದ 5ಜಿವರೆಗೆ ಎಂಜಿನಿಯರುಗಳು ಮಾಡುತ್ತ ಬಂದಿದ್ದೆಲ್ಲ ಆ ಸೂತ್ರದೊಳಗೇ ಬರುತ್ತದೆ. ಅದಕ್ಕೆ ಆಮೇಲೆ ಕೂಡಿಕೊಂಡ ದೊಡ್ಡ ಸಂಗತಿ ಒಂದೇ: ಒಂದೇ ತರಂಗಾಂತರದಲ್ಲಿ ಹಲವು ಆಂಟೆನಾಗಳಿಂದ ಬೇರೆ ಬೇರೆ ಡೇಟಾ ಕಳಿಸುವುದು.

2ಜಿ ಹುಟ್ಟಿದ್ದು ಮಾತಿಗಾಗಿ. 200 ಕಿಲೋಹರ್ಟ್ಸ್ ಅಗಲದ ಒಂದು ಚಾನಲ್, ಅದರಲ್ಲಿ ಎಂಟು ಸರದಿ, ಒಬ್ಬರಿಗೊಂದು ಸರದಿ. ಮೊದಮೊದಲು ಅದರ ಮೇಲೆ ಡೇಟಾ ಕಳಿಸಿದರೆ ಸೆಕೆಂಡಿಗೆ 9.6 ಕಿಲೋಬಿಟ್. ಜಿಪಿಆರ್‌ಎಸ್ ಎಂಬ ಡೇಟಾ ಪದ್ಧತಿ ಬಂದ ಮೇಲೆ ಖಾಲಿ ಇರುವ ಸರದಿಗಳನ್ನು ಕೂಡಿಸಿ ಕೊಡುವುದು ಸಾಧ್ಯವಾಯಿತು. ಒಳ್ಳೆ ಸಿಗ್ನಲ್‌ನಲ್ಲಿ ಸರದಿಗೆ 21.4 ಕಿಲೋಬಿಟ್, ನಾಲ್ಕು ಸೇರಿದರೆ 85.6. ಅದರ ಸುಧಾರಿತ ರೂಪವಾದ ಎಡ್ಜ್ ಅದೇ ಚಾನಲ್ ಇಟ್ಟುಕೊಂಡು ಗಾಳಿಯಲ್ಲಿ ಹೋಗುವ ಸಿಗ್ನಲ್ಲಿನ ಒಂದು ಮಿಡಿತಕ್ಕೆ ಒಂದು ಬಿಟ್ ಬದಲು ಮೂರು ಬಿಟ್ ತುಂಬಿತು. ನಾಲ್ಕು ಸರದಿಗೆ 236.8 ಕಿಲೋಬಿಟ್. ಫೋನಿನಲ್ಲಿ 'ಇ' ಅಂತ ಕಾಣುತ್ತಿದ್ದುದು ಇದೇ. ಆದರೆ ಕರೆಗಳಿಗೇ ಮೊದಲ ಹಕ್ಕು. ಸಂಜೆ ಎಲ್ಲರೂ ಮಾತಾಡಲು ಶುರು ಮಾಡಿದರೆ ಡೇಟಾಕ್ಕೆ ಸರದಿಯೇ ಉಳಿಯುತ್ತಿರಲಿಲ್ಲ.

3ಜಿಯಲ್ಲಿ ಚಾನಲ್ 5 ಮೆಗಾಹರ್ಟ್ಸ್‌ಗೆ ಅಗಲವಾಯಿತು. ಎಲ್ಲರೂ ಒಂದೇ ಹೊತ್ತಿಗೆ, ಒಂದೇ ತರಂಗಾಂತರದಲ್ಲಿ, ಬೇರೆ ಬೇರೆ ಸಂಕೇತ ಹಚ್ಚಿಕೊಂಡು ಕಳಿಸುವ ಪದ್ಧತಿ. ಮೊದಲ 3ಜಿ ಕೊಟ್ಟಿದ್ದು 384 ಕಿಲೋಬಿಟ್. ನಿಜವಾದ ಜಿಗಿತ ಬಂದದ್ದು 3ಜಿಯ ಸುಧಾರಿತ ರೂಪವಾದ ಎಚ್‌ಎಸ್‌ಪಿಎದಿಂದ. ಯಾರಿಗೆ ಯಾವಾಗ ಕಳಿಸಬೇಕು, ಕೆಟ್ಟ ಪ್ಯಾಕೆಟ್ ಮತ್ತೆ ಕಳಿಸಬೇಕೋ ಬೇಡವೋ ಎಂಬ ತೀರ್ಮಾನವನ್ನು ದೂರದ ನಿಯಂತ್ರಣ ಕೇಂದ್ರದಿಂದ ಕಿತ್ತು ಟವರಿನ ಪೆಟ್ಟಿಗೆಗೇ ಕೊಟ್ಟರು. ಪ್ರತಿ 2 ಮಿಲಿಸೆಕೆಂಡಿಗೊಮ್ಮೆ, ಆ ಕ್ಷಣ ಯಾರ ಸಿಗ್ನಲ್ ಚೆನ್ನಾಗಿದೆ ಎಂದು ನೋಡಿ ಕಳಿಸುವುದು. ವೇಗ 14.4, ಆಮೇಲೆ 21 ಎಂಬಿಪಿಎಸ್‌ಗೆ (ಸೆಕೆಂಡಿಗೆ ಮೆಗಾಬಿಟ್; ಒಂದು ಮೆಗಾಬಿಟ್ ಅಂದರೆ ಸಾವಿರ ಕಿಲೋಬಿಟ್) ಏರಿತು.

ನಮ್ಮ ದೇಶದಲ್ಲಿ ಆ ಅಂಕಿ ಜನರ ಕೈಗೆ ಸಿಗಲಿಲ್ಲ. 2010ರ ಹರಾಜಿನಲ್ಲಿ ಖಾಸಗಿ ಕಂಪನಿಗಳಿಗೆ ಒಂದು ಸರ್ಕಲ್‌ಗೆ (ಟೆಲಿಕಾಂ ವಲಯ, ಹೆಚ್ಚುಕಡಿಮೆ ಒಂದು ರಾಜ್ಯದಷ್ಟು) ಸಿಕ್ಕಿದ್ದು ಹೋಗಲಿಕ್ಕೆ 5, ಬರಲಿಕ್ಕೆ 5 ಮೆಗಾಹರ್ಟ್ಸ್ ಮಾತ್ರ. ಅಂದರೆ ಒಂದೇ ಚಾನಲ್, ಅದರಲ್ಲೇ ಮಾತು, ಅದರಲ್ಲೇ ಡೇಟಾ. 3ಜಿಗೆ ಹುಟ್ಟಿನಿಂದ ಬಂದ ಇನ್ನೊಂದು ದೋಷವಿತ್ತು. ಎಲ್ಲರೂ ಒಂದೇ ತರಂಗಾಂತರದಲ್ಲಿ ಇರುವುದರಿಂದ ಜನ ಹೆಚ್ಚಿದಂತೆ ಗದ್ದಲ ಹೆಚ್ಚುತ್ತದೆ, ಟವರಿನ ವ್ಯಾಪ್ತಿ ಕುಗ್ಗುತ್ತದೆ. ಮಧ್ಯಾಹ್ನ 3ಜಿ ಸಿಗುತ್ತಿದ್ದ ಊರಂಚಿನ ಮನೆಗೆ ರಾತ್ರಿ ಎಂಟಕ್ಕೆ 'ಇ' ಬರುತ್ತಿದ್ದುದು ಇದಕ್ಕೇ. ಟವರ್ ಕೆಟ್ಟಿರುತ್ತಿರಲಿಲ್ಲ.

4ಜಿ ಈ ದೋಷವನ್ನು ಬೇರು ಸಮೇತ ತೆಗೆಯಿತು. ಅಗಲವಾದ ಚಾನಲ್ಲನ್ನು 15 ಕಿಲೋಹರ್ಟ್ಸ್‌ನ ಸಣ್ಣ ಸಣ್ಣ ಎಳೆಗಳಾಗಿ ಸೀಳಿ, ಹನ್ನೆರಡು ಎಳೆಗೆ ಒಂದು ಕಂತೆ ಕಟ್ಟಿ, ಪ್ರತಿ ಮಿಲಿಸೆಕೆಂಡಿಗೆ ಯಾರಿಗೆ ಎಷ್ಟು ಕಂತೆ ಎಂದು ಹಂಚುವ ಪದ್ಧತಿ ಇದು. ಜಾಹೀರಾತಿನಲ್ಲಿ ಬರುವ 150 ಎಂಬಿಪಿಎಸ್ ಎಲ್ಲಿಂದ ಬಂತು ಎಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. 20 ಮೆಗಾಹರ್ಟ್ಸ್‌ನಲ್ಲಿ 100 ಕಂತೆ. 100 ಗುಣಿಸು 12 ಎಳೆ, ಗುಣಿಸು ಮಿಲಿಸೆಕೆಂಡಿಗೆ 14 ಮಿಡಿತ, ಅಂದರೆ 16,800. ಮಿಡಿತಕ್ಕೆ 6 ಬಿಟ್ ತುಂಬಿದರೆ 1,00,800 ಬಿಟ್. ಸೆಕೆಂಡಿಗೆ 100.8 ಮೆಗಾಬಿಟ್. ಎರಡು ಆಂಟೆನಾದಿಂದ ಎರಡು ಧಾರೆ ಕಳಿಸಿದರೆ 201.6. ನಿಯಂತ್ರಣಕ್ಕೆ, ದೋಷ ತಿದ್ದುವುದಕ್ಕೆ ಸುಮಾರು ಕಾಲು ಭಾಗ ಹೋಗುತ್ತದೆ. ಉಳಿಯುವುದು 150.

ಈ ಲೆಕ್ಕದಲ್ಲಿ ಷರತ್ತುಗಳು ಎಲ್ಲೆಲ್ಲಿ ಅಡಗಿವೆ ನೋಡಿ. ನಿಮ್ಮ ಟವರಿನಲ್ಲಿ ಇರುವುದು 5 ಮೆಗಾಹರ್ಟ್ಸ್ ಚಾನಲ್ ಆದರೆ ಕಂತೆ 25 ಮಾತ್ರ, ಗರಿಷ್ಠ 37 ಎಂಬಿಪಿಎಸ್. ಎರಡೂ ಸಂದರ್ಭದಲ್ಲಿ ಫೋನ್ ತೋರಿಸುವುದು 4ಜಿ ಅಂತಲೇ. ಮಿಡಿತಕ್ಕೆ 6 ಬಿಟ್ ತುಂಬಲು ಸಿಗ್ನಲ್ ಗದ್ದಲಕ್ಕಿಂತ ಸುಮಾರು 18–20 ಡಿಬಿ (ಡೆಸಿಬಲ್; 10 ಡಿಬಿ ಹೆಚ್ಚಿದರೆ ಶಕ್ತಿ ಹತ್ತು ಪಟ್ಟು) ಮೇಲಿರಬೇಕು. 10 ಡಿಬಿ ಇದ್ದರೆ 4 ಬಿಟ್, 5ಕ್ಕಿಂತ ಕೆಳಗೆ ಹೋದರೆ 2 ಬಿಟ್. ಬಂದಷ್ಟೂ ಟವರಿನ ಅದೇ ದಿಕ್ಕಿನ ಆಂಟೆನಾ ಹಿಡಿದು ಕೂತಿರುವ ಎಲ್ಲ ಫೋನುಗಳ ನಡುವೆ ಹಂಚಿಕೆ. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದ ಮೇಲೆ ಡೇಟಾ ಅಗ್ಗವಾಗಿ ಹಳ್ಳಿಹಳ್ಳಿಗೆ ತಲುಪಿತು, ಹಂಚಿಕೊಳ್ಳುವವರೂ ಅದೇ ಪ್ರಮಾಣದಲ್ಲಿ ಬೆಳೆದರು.

ಕಡ್ಡಿಗಳು ತೋರಿಸುವುದು ಸಿಗ್ನಲ್ಲಿನ ಬಲವನ್ನು. ಗದ್ದಲವನ್ನಾಗಲೀ ಹಂಚಿಕೆಯನ್ನಾಗಲೀ ಅವು ಸರಿಯಾಗಿ ತೋರಿಸುವುದಿಲ್ಲ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೆ ಟವರ್ ಎದುರಿಗೇ ಇದ್ದರೂ ಒಂದು ಫೋಟೋ ಹೋಗದಿರುವುದು ಇದರಿಂದ. ಬಲ ಪೂರ್ತಿ ಇದೆ, ಕಂತೆ ಖಾಲಿ ಇಲ್ಲ. ಸಾವಿರಾರು ಫೋನು ಒಟ್ಟಿಗೆ 'ನನಗೆ ಕೊಡು' ಎಂದು ಕೂಗಿದರೆ ಆ ಕೂಗುಗಳೇ ಒಂದಕ್ಕೊಂದು ಡಿಕ್ಕಿ ಹೊಡೆದು ಟವರಿಗೆ ಕೇಳಿಸುವುದಿಲ್ಲ.

5ಜಿ ನಮ್ಮಲ್ಲಿ 2022ರ ಅಕ್ಟೋಬರ್ 1ರಿಂದ ಇದೆ. ಅದರ ಮುಖ್ಯ ತರಂಗಾಂತರ 3300 ಮೆಗಾಹರ್ಟ್ಸ್‌ನಿಂದ ಮೇಲಿನದು. ಅಲ್ಲಿ ಒಂದೇ ಚಾನಲ್ 100 ಮೆಗಾಹರ್ಟ್ಸ್ ಅಗಲ, ಮಿಡಿತಕ್ಕೆ 8 ಬಿಟ್, ಟವರಿನ ಒಂದು ಫಲಕದಲ್ಲೇ 32 ಅಥವಾ 64 ರೇಡಿಯೋ. ಈ ಫಲಕ ಸಿಗ್ನಲ್ಲನ್ನು ನಿಮ್ಮ ಕಡೆಗೆ ತಿರುಗಿಸಿ ಕಳಿಸುತ್ತದೆ. ಮೇಲಿನ ಲೆಕ್ಕವನ್ನೇ ನಾಲ್ಕು ಧಾರೆಗೆ ಹಾಕಿದರೆ ಒಂದೂವರೆ ಗಿಗಾಬಿಟ್ ದಾಟುತ್ತದೆ. ಕಲಬುರಗಿ ಸೂಪರ್ ಮಾರ್ಕೆಟ್ ಥರದ ಗಿಜಿಗುಡುವ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಹಳ್ಳಿಗೆ ಬಂದರೆ ಲೆಕ್ಕ ಬೇರೆ. ಅದೇ ದೂರಕ್ಕೆ, ಅದೇ ಥರದ ಆಂಟೆನಾಕ್ಕೆ, 700 ಮೆಗಾಹರ್ಟ್ಸ್‌ಗಿಂತ 3500ರಲ್ಲಿ ನಷ್ಟ 14 ಡಿಬಿ ಹೆಚ್ಚು. ಅಂದರೆ ತಲುಪುವ ಶಕ್ತಿ 25ರಲ್ಲಿ ಒಂದು ಪಾಲು. ಟವರಿನಿಂದ ಫೋನಿಗೆ ಬರುವಾಗ ಟವರಿನ ದೊಡ್ಡ ಫಲಕ ಈ ನಷ್ಟವನ್ನು ತುಂಬಿಕೊಡುತ್ತದೆ. ಫೋನಿನಿಂದ ಟವರಿಗೆ ಹೋಗುವಾಗ ಇರುವುದು ಹೆಚ್ಚುಕಡಿಮೆ 200 ಮಿಲಿವ್ಯಾಟ್ ಮಾತ್ರ. ಟವರ್ ಹೇಳಿದ್ದು ಫೋನಿಗೆ ಕೇಳುತ್ತದೆ, ಫೋನ್ ಹೇಳಿದ್ದು ಟವರಿಗೆ ಕೇಳುವುದಿಲ್ಲ. ಕಿರಾಣಿ ಅಂಗಡಿಯೊಳಗೆ 5ಜಿ ತೋರಿಸುತ್ತ, ಯುಪಿಐ ಪಾವತಿ ಸುತ್ತುತ್ತ ನಿಂತರೆ ಹೆಚ್ಚಾಗಿ ಕಾರಣ ಇದು. ಪಾವತಿಗೆ ಬೇಕಾದ ಡೇಟಾ ಕೆಲವೇ ಕಿಲೋಬೈಟ್; 4ಜಿಗೆ ಇಳಿಸಿಕೊಂಡರೆ ತಟ್ಟನೆ ಹೋಗುತ್ತದೆ.

ನಮ್ಮ ಕಡೆಯ ಮನೆಗಳೂ ಇದರಲ್ಲಿ ಪಾಲುದಾರರು. ಶಹಾಬಾದ್ ಕಲ್ಲಿನ ಒಂದೂವರೆ ಅಡಿ ದಪ್ಪದ ಗೋಡೆ 15–20 ಡಿಬಿ ನುಂಗಬಹುದು, ತರಂಗಾಂತರ ಏರಿದಷ್ಟೂ ಹೆಚ್ಚು. ಬೀದರಿನ ಜಂಬಿಟ್ಟಿಗೆ ಗೋಡೆ ಮಳೆಗಾಲದಲ್ಲಿ ನೀರು ಕುಡಿದಾಗ ಇನ್ನಷ್ಟು ತಡೆಯುತ್ತದೆ. ಸುರಪುರದಂಥ ಗುಡ್ಡ ಸುತ್ತುವರಿದ ಊರಿನಲ್ಲಿ ಗುಡ್ಡದ ನೆರಳಿಗೆ ಬಿದ್ದ ಓಣಿಗೆ 2300 ಅಥವಾ 3500 ಮೆಗಾಹರ್ಟ್ಸ್ ಸರಿಯಾಗಿ ಇಳಿಯುವುದಿಲ್ಲ. 700, 850, 900 ಅಂಚು ಬಳಸಿ ಒಂದಿಷ್ಟು ಬಾಗಿ ಬರುತ್ತವೆ. ನಮ್ಮ ಮೂರು ಜಿಲ್ಲೆಗಳ ಹಳ್ಳಿಗೆ ಇವತ್ತು ಬೇಕಿರುವುದು ಕೆಳ ತರಂಗಾಂತರದ ಗಟ್ಟಿ 4ಜಿ ಮತ್ತು ಟವರಿಗೆ ಫೈಬರ್ ಎಂಬುದು ನನ್ನ ಖಚಿತ ಅಭಿಪ್ರಾಯ.

ಫೈಬರ್ ಮಾತು ಬಂತು. ಇದು ಯಾರ ಕಣ್ಣಿಗೂ ಬೀಳದ ಭಾಗ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಟವರಿನ ಮೇಲೆ ಡೋಲಿನ ಆಕಾರದ ದುಂಡನೆ ಡಿಶ್ ಕಾಣುತ್ತದಲ್ಲ, ಅದು ಮೈಕ್ರೋವೇವ್ ಲಿಂಕ್. ಫೈಬರ್ ಇಲ್ಲದ ಟವರ್ ತನ್ನ ಡೇಟಾವನ್ನೆಲ್ಲ ಅದರ ಮೂಲಕ ಪಕ್ಕದ ಟವರಿಗೆ, ಅಲ್ಲಿಂದ ಇನ್ನೊಂದಕ್ಕೆ ದಾಟಿಸುತ್ತದೆ. 28 ಮೆಗಾಹರ್ಟ್ಸ್‌ನ ಒಂದು ಲಿಂಕ್ ಒಳ್ಳೆ ಹವೆಯಲ್ಲಿ ಮಿಡಿತಕ್ಕೆ 8 ಬಿಟ್ ಹಾಕಿ ಸುಮಾರು 180 ಎಂಬಿಪಿಎಸ್ ಒಯ್ಯುತ್ತದೆ. ಟವರಿನ ಮೂರು ದಿಕ್ಕಿಗೆ 150ರಂತೆ 450 ಕೊಡಬಲ್ಲ ರೇಡಿಯೋ ಇದ್ದರೂ ಹಿಂದೆ ದಾರಿ ಇರುವುದು 180ಕ್ಕೆ. ಅದರಲ್ಲೇ ಮುಂದಿನ ಎರಡು ಟವರುಗಳ ಪಾಲೂ ಹೋಗಬೇಕು. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಈ ಸ್ಥಿತಿ ಬಿಡಿಸಿ ಹೇಳಬೇಕಿಲ್ಲ: ಮೇಲಿನವರು ಬಿಟ್ಟಷ್ಟೇ ನೀರು. ಜೋರು ಮಳೆ ಬಂದರೆ ಲಿಂಕ್ ತಾನಾಗಿ 2 ಬಿಟ್‌ಗೆ ಇಳಿಯುತ್ತದೆ, 180 ಇದ್ದದ್ದು 40ರ ಹತ್ತಿರ ಬರುತ್ತದೆ. ಫೋನಿನಲ್ಲಿ ಕಡ್ಡಿ ಒಂದೂ ಕಡಿಮೆ ಆಗಿರುವುದಿಲ್ಲ. ಫೈಬರ್ ಇದ್ದ ಕಡೆ ರಸ್ತೆ ಅಗಲ ಮಾಡುವ ಜೆಸಿಬಿಯೇ ದೊಡ್ಡ ಶತ್ರು.

ಕರೆಂಟ್ ಹೋದಾಗ ಟವರ್ 48 ವೋಲ್ಟ್ ಬ್ಯಾಟರಿ ಮೇಲೆ ನಿಲ್ಲುತ್ತದೆ. 5ಜಿಯ ದೊಡ್ಡ ಫಲಕ ಒಂದೊಂದೇ ಕಿಲೋವ್ಯಾಟ್ ಆಸುಪಾಸು ತಿನ್ನುವುದರಿಂದ ಬ್ಯಾಟರಿ ಉಳಿಸಲು ಎಷ್ಟೋ ಕಡೆ ಮೊದಲು ಅದನ್ನು ಮಲಗಿಸುತ್ತಾರೆ. ಕರೆ ಬರುತ್ತದೆ, ನೆಟ್ ನಿಧಾನ ಆಗುತ್ತದೆ.

ಇನ್ನು ನೀವೇ ನೋಡಬಹುದಾದ್ದು. ಆಂಡ್ರಾಯ್ಡ್ ಫೋನಿನಲ್ಲಿ *#*#4636#*#* ಒತ್ತಿದರೆ ಬಹಳಷ್ಟು ಮಾದರಿಗಳಲ್ಲಿ ಫೋನ್ ಮಾಹಿತಿಯ ಪುಟ ತೆರೆಯುತ್ತದೆ, ಐಫೋನಿನಲ್ಲಿ *3001#12345#*. ಅಲ್ಲಿ ಎರಡು ಅಂಕಿ ಸಾಕು. ಆರ್‌ಎಸ್‌ಆರ್‌ಪಿ ಅಂದರೆ ಬಲ: ಮೈನಸ್ 85ಕ್ಕಿಂತ ಮೇಲಿದ್ದರೆ ಚೆನ್ನ, ಮೈನಸ್ 100ಕ್ಕೆ ಕೆಲಸ ನಡೆಯುತ್ತದೆ, ಮೈನಸ್ 115ಕ್ಕೆ ಕಷ್ಟ. ಎಸ್‌ಐಎನ್‌ಆರ್ ಅಂದರೆ ಗದ್ದಲದ ಮೇಲಿನ ಎತ್ತರ: 20 ಇದ್ದರೆ ಬಹಳ ಒಳ್ಳೆಯದು, 5ಕ್ಕಿಂತ ಕೆಳಗೆ ನಿಧಾನ, ಸೊನ್ನೆಗಿಂತ ಕೆಳಗೆ ಪಾವತಿಯೂ ಸಂಶಯ. ನಡುಮನೆ, ಬಾಗಿಲು, ಮಾಳಿಗಿ, ಈ ಮೂರು ಕಡೆ ನಿಂತು ನೋಡಿ. ಮಾಳಿಗಿ ಮೇಲೆ ಅಂಕಿ ಚೆನ್ನಾಗಿದ್ದು ಕೆಳಗೆ ಬಿದ್ದರೆ ಗೋಡೆಯ ದೋಷ. ಎಲ್ಲ ಕಡೆ ಬಲ ಇದ್ದು ಎಸ್‌ಐಎನ್‌ಆರ್ ಬಿದ್ದರೆ ಹೆಚ್ಚಾಗಿ ಎರಡು ಟವರಿನ ಸಿಗ್ನಲ್ ಒಂದರ ಮೇಲೊಂದು ಬರುತ್ತಿವೆ. ಎರಡೂ ಚೆನ್ನಾಗಿದ್ದು ವೇಗ ಇಲ್ಲದಿದ್ದರೆ ಬೆಳಗಿನ ಐದಕ್ಕೆ ಒಮ್ಮೆ ಅಳೆಯಿರಿ: ಆಗ ಓಡಿದರೆ ಜನದಟ್ಟಣೆ, ಆಗಲೂ ಓಡದಿದ್ದರೆ ಹೆಚ್ಚಾಗಿ ಹಿಂದಿನ ಲೈನ್.

ಗೋಡೆಯ ದೋಷಕ್ಕೆ ಮದ್ದು ಇದೆ. ಸಿಮ್ ಹಾಕುವ 4ಜಿ ರೂಟರನ್ನು ಮಾಳಿಗಿಯ ಹತ್ತಿರ, ಟವರ್ ದಿಕ್ಕಿನ ಕಿಟಕಿಯಲ್ಲಿ ಇಟ್ಟು ವೈಫೈ ಕೆಳಗೆ ತನ್ನಿ. ಹೊರ ಆಂಟೆನಾ ಹಾಕುವುದಾದರೆ ಎರಡು ಬೇಕು, ಒಂದು ಎಡಕ್ಕೆ 45 ಡಿಗ್ರಿ, ಇನ್ನೊಂದು ಬಲಕ್ಕೆ 45 ಡಿಗ್ರಿ ಓರೆ. ಒಂದೇ ಹಾಕಿದರೆ ಎರಡನೇ ಧಾರೆ ಕೈಬಿಡುತ್ತದೆ. ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ತೆಳು ಆರ್‌ಜಿ-58 ಕೇಬಲ್ 10 ಮೀಟರಿಗೆ 2300 ಮೆಗಾಹರ್ಟ್ಸ್‌ನಲ್ಲಿ 9–10 ಡಿಬಿ ತಿಂದು ಆಂಟೆನಾ ಗಳಿಸಿದ್ದನ್ನೆಲ್ಲ ಕಳೆಯುತ್ತದೆ. ಎಲ್‌ಎಂಆರ್-400 ಅಷ್ಟೇ ಉದ್ದಕ್ಕೆ ಸುಮಾರು 2 ಡಿಬಿ. ಜೋಡಣೆಯ ಮೇಲೆ ನೀರು ಇಳಿಯದ ಟೇಪ್ ಸುತ್ತಿ.

ಬಜಾರಿನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ದಯವಿಟ್ಟು ಹಾಕಬೇಡಿ. ಅನುಮತಿ ಇಲ್ಲದೆ ಇಟ್ಟುಕೊಳ್ಳುವುದೇ ಕಾನೂನುಬಾಹಿರ. ಅದು ಎಲ್ಲ ತರಂಗಾಂತರದ ಗದ್ದಲವನ್ನೂ ಸೇರಿಸಿ ಟವರಿಗೆ ಕೂಗುತ್ತದೆ, ನಿಮಗೆ ಕಡ್ಡಿ ಏರುತ್ತದೆ, ಇಡೀ ಓಣಿಯ ಫೋನುಗಳ ಮಾತು ಟವರಿಗೆ ಕೇಳದಂತಾಗುತ್ತದೆ.

ಬಿಎಸ್‌ಎನ್‌ಎಲ್ ಬಳಸುವವರು ಒಂದನ್ನು ಗಮನಿಸಿ. 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾದ ಅದರ ದೇಶೀ 4ಜಿ 700 ಮತ್ತು 2100 ಮೆಗಾಹರ್ಟ್ಸ್ ಮೇಲೆ ಕೂತಿದೆ. ಹಳೆ ಸಿಮ್ ಇದ್ದರೆ 4ಜಿ ಸಿಮ್‌ಗೆ ಬದಲಿಸಬೇಕು. ಫೋನಿನ ವಿವರದಲ್ಲಿ ಬ್ಯಾಂಡ್ 28 ಇಲ್ಲದಿದ್ದರೆ 700 ಅದಕ್ಕೆ ಕಾಣುವುದೇ ಇಲ್ಲ.

ಔರಾದ, ಬಸವಕಲ್ಯಾಣ, ಚಿಂಚೋಳಿ, ಸೇಡಂ ಗಡಿಯವರಿಗೆ ಬೇರೊಂದು ತೊಡಕು. ತರಂಗಾಂತರ ಹರಾಜಾಗುವುದು ಸರ್ಕಲ್ ಪ್ರಕಾರ. ಗಡಿ ದಾಟಿದರೆ ಮಹಾರಾಷ್ಟ್ರ ಸರ್ಕಲ್, ಆ ಕಡೆ ತೆಲಂಗಾಣವನ್ನೂ ಒಳಗೊಂಡ ಆಂಧ್ರ ಸರ್ಕಲ್. ಮನೆಯಲ್ಲೇ ಕೂತಿದ್ದರೂ ಫೋನ್ ಆಚೆಯ ಟವರ್ ಹಿಡಿಯಬಹುದು. ಆಗ ಡೇಟಾ ರೋಮಿಂಗ್ ಬಂದ್ ಇದ್ದರೆ ಕರೆ ಬರುತ್ತದೆ, ನೆಟ್ ಮಾತ್ರ ಬರುವುದಿಲ್ಲ. ಸೆಟ್ಟಿಂಗ್‌ನಲ್ಲಿ ಡೇಟಾ ರೋಮಿಂಗ್ ಆನ್ ಇಡಿ.

ಇಷ್ಟೆಲ್ಲ ನೋಡಿಯೂ ಆಗದಿದ್ದರೆ 198ಕ್ಕೆ ದೂರು ಕೊಡಿ. "ನೆಟ್ ಸ್ಲೋ ಅದ" ಎಂದಷ್ಟೇ ಹೇಳಿದರೆ ಫೋನ್ ರೀಸ್ಟಾರ್ಟ್ ಮಾಡಲು ಹೇಳಿ ದೂರು ಮುಗಿಸುತ್ತಾರೆ. ಊರು, ಸಮಯ, ಬ್ಯಾಂಡ್ (ಯಾವ ತರಂಗಾಂತರ), ಸೆಲ್ ಐಡಿ (ಫೋನ್ ಹಿಡಿದ ಟವರಿನ ಗುರುತು ಸಂಖ್ಯೆ), ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್, ಬೆಳಿಗ್ಗೆ ಐದರ ಮತ್ತು ರಾತ್ರಿ ಒಂಬತ್ತರ ವೇಗ, ಇಷ್ಟನ್ನು ಬರೆಸಿ ಡಾಕೆಟ್ ಸಂಖ್ಯೆ (ದೂರಿನ ಸಂಖ್ಯೆ) ತೆಗೆದುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಸಂಖ್ಯೆ ಇಟ್ಟುಕೊಂಡು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಒಂದೇ ಸೆಲ್ ಐಡಿ ಮೇಲೆ ಓಣಿಯ ನಾಲ್ಕೈದು ಮನೆಯವರು ಒಂದೇ ವಾರದಲ್ಲಿ ಹೀಗೆ ಬರೆಸಿದರೆ ಅದನ್ನು ಒಂದು ಫೋನಿನ ದೋಷ ಎಂದು ತಳ್ಳಿಹಾಕಲು ಬರುವುದಿಲ್ಲ.